ಸಸ್ಯಸಾರಗಳೂ ಯಕೃತ್ತಿನ ರಕ್ಷಣೆಯೂ: ಒಂದು ವಿಮರ್ಶೆ

ಕಿರುನೆಲ್ಲಿ, ಅಮೃತಬಳ್ಳಿ, ಅರಿಸಿನ ಮೊದಲಾದವುಗಳ ಸಾರಕ್ಕೆ ಯಕೃತ್ತನ್ನು ರಕ್ಷಿಸುವ ಗುಣವಿದೆಯೆಂದು ಪ್ರತಿಪಾದಿಸುವ ಪ್ರಬಂಧಗಳು ಜೀವರಸಾಯನ ಪತ್ರಿಕೆಗಳಲ್ಲಿ ಹೇರಳವಾಗಿ ಪ್ರಕಟವಾಗುತ್ತಿವೆ. ಅವುಗಳ ವಿಧಾನ ಬಹುಮಟ್ಟಿಗೆ ಒಂದೇ. ಇಲಿಗಳಿಗೆ ಕೆಲವು ದಿನ ಸಾರವನ್ನು ಕುಡಿಸಿ, ಬಳಿಕ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷವನ್ನು ಕೊಟ್ಟು, ಯಕೃತ್ತಿನಲ್ಲಿ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಕೆಟಲೇಸ್ ಎಂಬ ಕಿಣ್ವಗಳ ಚಟುವಟಿಕೆಯನ್ನು ಅಳೆಯುವುದು. ವಿಷವನ್ನು ಮಾತ್ರ ಪಡೆದ ಇಲಿಗಳಲ್ಲಿಗಿಂತ ಅದು ಹೆಚ್ಚಾಗಿದ್ದರೆ, ಸಾರದ ಉತ್ಕರ್ಷಣನಿರೋಧಕ ಶಕ್ತಿಯೇ ಯಕೃತ್ತನ್ನು ಉಳಿಸಿತೆಂದು ನಿರ್ಣಯಿಸುವುದು. ಅಳತೆಗಳನ್ನು ನಾವು ಶಂಕಿಸುವುದಿಲ್ಲ. ನಿರ್ಣಯವನ್ನು ಮಾತ್ರ ಒಪ್ಪಲಾರೆವು.

ಕಾರ್ಬನ್ ಟೆಟ್ರಾಕ್ಲೋರೈಡ್ ಯಕೃತ್ತನ್ನು ಕೆಡಿಸುವುದು ತನ್ನ ಮೂಲರೂಪದಿಂದಲ್ಲ. ಯಕೃತ್ತಿನ ಸೈಟೋಕ್ರೋಮ್ ಪಿ-450 ವರ್ಗದ ಕಿಣ್ವಗಳು, ಅವುಗಳಲ್ಲಿಯೂ ಮುಖ್ಯವಾಗಿ 2ಇ1 ಎಂಬುದು, ಅದನ್ನು ಟ್ರೈಕ್ಲೋರೋಮೀಥೈಲ್ ರ್‍ಯಾಡಿಕಲ್ ಆಗಿ ಮಾರ್ಪಡಿಸುತ್ತವೆ. ಆ ಮೇಲೆಯೇ ಕೋಶದ ಪೊರೆಯಲ್ಲಿರುವ ಮೇದಸ್ಸು ಉತ್ಕರ್ಷಣಕ್ಕೀಡಾಗಿ ಕೋಶ ನಾಶವಾಗುವುದು. ಹೀಗಿರುವಲ್ಲಿ, ಮೊದಲೇ ಕುಡಿಸಿದ ಸಾರ 2ಇ1ರ ಕೆಲಸವನ್ನು ತಡೆದರೆ ಸಾಕು, ವಿಷವು ವಿಷವಾಗುವುದೇ ಇಲ್ಲ. ಸಾರಕ್ಕೆ ಉತ್ಕರ್ಷಣವನ್ನು ನಿರೋಧಿಸುವ ಶಕ್ತಿ ಎಳ್ಳಷ್ಟೂ ಇಲ್ಲದಿದ್ದರೂ ಕೋಷ್ಟಕದಲ್ಲಿ ಅಂಥವೇ ಅಂಕಿಗಳು ಬರಬಹುದು. ಕಿಣ್ವ ಉಳಿದುದರಿಂದ ಕೋಶ ಉಳಿಯಿತೋ, ಕೋಶ ಉಳಿದುದರಿಂದ ಕಿಣ್ವ ಉಳಿಯಿತೋ ಎಂಬ ಪ್ರಶ್ನೆಯನ್ನು ಈ ಪ್ರಬಂಧಗಳು ಸಾಮಾನ್ಯವಾಗಿ ಎತ್ತುವುದೇ ಇಲ್ಲ. ಪ್ಯಾರಾಸಿಟಮಾಲ್ ಬಳಸಿ ಪ್ರಯೋಗವನ್ನು ದೃಢಪಡಿಸಿದೆವೆನ್ನುವವರೂ ಅದೇ ಬಲೆಗೆ ಬೀಳುತ್ತಾರೆ. ಆ ಮದ್ದನ್ನು ವಿಷವಾಗಿಸುವುದರಲ್ಲಿಯೂ 2ಇ1ರ ಕೈವಾಡವಿದೆಯಷ್ಟೆ!

ಕಿಣ್ವ ಹೆಚ್ಚಿದಷ್ಟೂ ಆರೋಗ್ಯ ಹೆಚ್ಚೆಂಬ ಭಾವನೆಯೂ ನಿಲ್ಲಲಾರದು. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಅವರು ವಿವರಿಸಿದ ಡಿಸ್ಮ್ಯುಟೇಸ್, ಸೂಪರ್‌ಆಕ್ಸೈಡನ್ನು ಇಲ್ಲವಾಗಿಸುತ್ತ ಹೈಡ್ರೊಜನ್ ಪೆರಾಕ್ಸೈಡನ್ನು ಉಂಟುಮಾಡುತ್ತದೆ. ಅದನ್ನು ಕಳೆಯಲು ಕೆಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಮೊದಲಾದ ಬೇರೆ ಕಿಣ್ವಗಳು ಬೇಕು. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೆಯ ವರ್ಣತಂತು ಮೂರು ಪ್ರತಿ ಇರುವುದರಿಂದ ಈ ಡಿಸ್ಮ್ಯುಟೇಸ್ ಸುಮಾರು ಒಂದೂವರೆ ಪಟ್ಟು ಇರುತ್ತದೆ. ಅದರಿಂದ ಅವರಿಗೆ ಯಾವ ವಿಶೇಷ ರಕ್ಷಣೆಯೂ ದೊರೆತಂತೆ ಕಾಣದು.

ಡಿಪಿಪಿಎಚ್ ದ್ರಾವಣದ ನೇರಳೆ ಬಣ್ಣ ಹಳದಿಗೆ ತಿರುಗಿತೆಂಬ ಸಾಕ್ಷ್ಯದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಆ ರ್‍ಯಾಡಿಕಲ್ ಯಾವ ದೇಹದಲ್ಲಿಯೂ ಇಲ್ಲ.

ಇದು ವಿದ್ವಾಂಸರೊಳಗಿನ ವಾದ ಮಾತ್ರವಲ್ಲ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಉತ್ಕರ್ಷಣನಿರೋಧಕವೆಂದು ಹೆಸರಾದ ಬೀಟಾ-ಕೆರೋಟೀನನ್ನು ದಿನಕ್ಕೆ 20 ಮಿಲಿಗ್ರಾಂನಂತೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿಯೇ ಕಂಡುಬಂದಿತು. ನಮ್ಮಲ್ಲಿ ಕಾಮಾಲೆ ಬಂದವನು ಬೇರನ್ನೋ ಎಲೆಯನ್ನೋ ನಂಬಿ ದಿನ ಕಳೆಯುವುದು ಅಪರೂಪವಲ್ಲ. ಅವನು ನಂಬಿದ್ದಕ್ಕೆ ವಿಜ್ಞಾನದ ಮುದ್ರೆಯೊತ್ತುವ ಮುನ್ನ, ಅವನು ಮದ್ದು ಹುಡುಕುವುದು ಯಕೃತ್ತು ಕೆಟ್ಟ ಬಳಿಕವೇ ಹೊರತು ಮೊದಲಲ್ಲವೆಂಬುದನ್ನಾದರೂ ಪ್ರಯೋಗಕಾರರು ನೆನೆಯಬೇಕು.

ಬೇಕಾಗಿರುವುದು ದುಬಾರಿ ಉಪಕರಣಗಳಲ್ಲ. ಸಾರವನ್ನು ವಿಷ ಕೊಟ್ಟು ಹಲವು ಗಂಟೆಗಳಾದ ಮೇಲೆ ಪಡೆಯುವ ಇಲಿಗಳ ಒಂದು ಗುಂಪು. ಪಿ-450 ಕಿಣ್ವಗಳ ನೆರವಿಲ್ಲದೆಯೇ ಯಕೃತ್ತನ್ನು ಕೆಡಿಸುವ ಗ್ಯಾಲಕ್ಟೋಸಮೀನ್ ಪಡೆಯುವ ಇನ್ನೊಂದು. ಸಾರವನ್ನು ಮಾತ್ರ ಕುಡಿದ ಇಲಿಗಳ ಯಕೃತ್ತಿನಲ್ಲಿ 2ಇ1ರ ಚಟುವಟಿಕೆಯ ಅಳತೆ. ಈ ಮೂರನ್ನೂ ಒಳಗೊಂಡ ಪ್ರಬಂಧವನ್ನು, ಅದರ ಫಲ ಏನೇ ಇರಲಿ, ನಾವು ಆದರದಿಂದ ಓದುವೆವು.