ಅಭಿಮಾನಿ ಮತ್ತು ಸಹೃದಯ: ಅಡೆಲಳ ‘30’

ಜನಪ್ರಿಯ ಗಾಯಕರ ಅಭಿಮಾನಿಗಳನ್ನು ವಿದ್ವಾಂಸರು ಲಘುವಾಗಿ ಕಾಣುವುದು ರೂಢಿ. ಅಭಿಮಾನ ಕುರುಡು, ವಿಮರ್ಶೆಗೆ ಮಾತ್ರ ಕಣ್ಣುಂಟು ಎಂಬುದು ಅವರ ನಿಲವು. ಈ ಮಾತು ಎಲ್ಲೆಡೆಯೂ ಸಲ್ಲುವುದೆ? ಇಂಗ್ಲೆಂಡಿನ ಗಾಯಕಿ ಅಡೆಲಳ ‘30’ ಎಂಬ ಗೀತಸಂಪುಟವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲು ಬಯಸುತ್ತೇವೆ.

1988ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈಕೆ ತನ್ನ ವಯಸ್ಸಿನ ಒಂದೊಂದು ಘಟ್ಟವನ್ನೇ ಸಂಪುಟಗಳಿಗೆ ಹೆಸರಾಗಿ ಇಡುತ್ತ ಬಂದಿದ್ದಾಳೆ: ‘19’ (2008), ‘21’ (2011), ‘25’ (2015). 2021ರ ನವೆಂಬರ್ 19ರಂದು ಹೊರಬಂದ ‘30’ರಲ್ಲಿ ಹನ್ನೆರಡು ಹಾಡುಗಳಿವೆ. ಮುರಿದ ದಾಂಪತ್ಯ, ಅದನ್ನು ಎಳೆಯ ಮಗನಿಗೆ ತಿಳಿಯಹೇಳಬೇಕಾದ ತಾಯಿಯ ಸಂಕಟ, ಇವು ಅದರ ಮುಖ್ಯ ವಸ್ತು. ಇದು ಗಾಯಕಿಯ ಬಾಳಿನಿಂದಲೇ ಬಂದುದೆಂದು ಅಭಿಮಾನಿ ಬಲ್ಲ; ಬಲ್ಲವನಾದ್ದರಿಂದಲೇ ಕರಗುತ್ತಾನೆ. ಅಪಾಯವಿರುವುದೂ ಇಲ್ಲಿಯೇ. ಬಲ್ಲವರ ದುಃಖಕ್ಕೆ ಮರುಗುವುದು ಸೌಜನ್ಯ, ಅದು ರಸಾನುಭವವಲ್ಲ. ಭಾವವು ‘ನನ್ನದು’, ‘ಅವರದು’ ಎಂಬ ಕಟ್ಟನ್ನು ಕಳಚಿಕೊಂಡು ಸಾಧಾರಣೀಕೃತವಾದಾಗಲೇ ಆಸ್ವಾದ್ಯವಾಗುತ್ತದೆ ಎಂಬುದು ಭಟ್ಟನಾಯಕ, ಅಭಿನವಗುಪ್ತರ ಸಿದ್ಧಾಂತ.

ಈ ಒರೆಗಲ್ಲಿಗೆ ಎರಡು ಹಾಡುಗಳನ್ನು ಹಚ್ಚಿ ನೋಡೋಣ. ಮೂರನೆಯದಾದ ‘ಮೈ ಲಿಟಲ್ ಲವ್’ನಲ್ಲಿ ತಾಯಿಮಗನ ನಿಜವಾದ ಮಾತುಕತೆಯ ಧ್ವನಿಮುದ್ರಣವನ್ನು ಹಾಡಿನ ನಡುವೆ ಹೆಣೆದಿದೆ, ಕೊನೆಯಲ್ಲಿ ಗಾಯಕಿಯ ಅಳುವೂ ಕೇಳಿಸುತ್ತದೆ. ಕರುಳು ಕಲಕುವುದು ನಿಶ್ಚಯ. ಆದರೆ ಕಲಕುವುದು ಹಾಡಲ್ಲ, ಅಳು. ಇಲ್ಲಿ ಶೋಕವು ಶೋಕವಾಗಿಯೇ ಉಳಿದಿದೆ, ಕರುಣರಸವಾಗಿಲ್ಲ. ಪರರ ಮನೆಯ ಬಾಗಿಲಲ್ಲಿ ನಿಂತು ಒಳಗಿನ ಮಾತಿಗೆ ಕಿವಿಗೊಟ್ಟ ಸಂಕೋಚ ನಮಗಾಗುತ್ತದೆ. ಹನ್ನೊಂದನೆಯದಾದ ‘ಟು ಬಿ ಲವ್ಡ್’ನ ರೀತಿಯೇ ಬೇರೆ. ಅಲ್ಲಿ ಬಹುಮಟ್ಟಿಗೆ ಪಿಯಾನೋ ಒಂದೇ ಜೊತೆ. ಸುಮಾರು ಆರೂಮುಕ್ಕಾಲು ನಿಮಿಷಗಳ ಆ ಹಾಡಿನಲ್ಲಿ ದನಿ ತಗ್ಗಿನಿಂದ ಹೊರಟು, ಇನ್ನೇನು ಒಡೆಯಿತೆಂಬಷ್ಟು ಎತ್ತರಕ್ಕೆ ಏರುತ್ತದೆ. ಅಳು ಅಲ್ಲಿಲ್ಲ, ಅಳುವಿನ ಭಾರವನ್ನೆಲ್ಲ ನಾದವೇ ಹೊತ್ತಿದೆ. ಗಾಯಕಿಯ ಚರಿತ್ರೆಯನ್ನು ಅರಿಯದವನಿಗೂ ಅದು ತನ್ನದಾಗಬಲ್ಲದು.

ಹಾಗಾದರೆ ಅಭಿಮಾನಿ ಎರಡನ್ನೂ ಒಂದೇ ಎಂದು ಮೆಚ್ಚಿ ತಪ್ಪಿದನೆ? ಅರ್ಧ ಮಾತ್ರ. ಸಂಪುಟದ ಹಾಡುಗಳು ತಾವಾಗಿ ಕ್ರಮಗೆಟ್ಟು ಮೊಳಗುವ ಏರ್ಪಾಡು ಮೊದಲ ಗುಂಡಿಯಲ್ಲಿ ಇರಬಾರದೆಂದು ಅಡೆಲ್ ಕೇಳಿಕೊಂಡಳು. ಸ್ಪಾಟಿಫೈ ಸಂಸ್ಥೆ 2021ರಲ್ಲಿ ಅದನ್ನು ನಡೆಸಿಕೊಟ್ಟಿತು. ಕೃತಿಯನ್ನು ಇಡಿಯಾಗಿ ಕೇಳಬೇಕೆಂಬ ಈ ಬೇಡಿಕೆಯನ್ನು ಮನಸಾರೆ ಸಲ್ಲಿಸುವವನು ಅಭಿಮಾನಿಯೇ ಹೊರತು ಅವಸರದ ವಿಮರ್ಶಕನಲ್ಲ. ಮತ್ತೆ ಮತ್ತೆ ಕ್ರಮವಾಗಿ ಕೇಳಿದವನಿಗೆ ಮೂರನೆಯ ಹಾಡಿನ ಹಸಿ ಅಳು ಹನ್ನೊಂದನೆಯದರಲ್ಲಿ ಪಕ್ವವಾದದ್ದು ಗೋಚರಿಸುತ್ತದೆ. ಮೊದಲಿನದರ ದೋಷ ಇದರಿಂದ ಅಳಿಯದು. ಆದರೆ ಅದರ ಪ್ರಯೋಜನ ತಿಳಿಯುತ್ತದೆ.

ಅಭ್ಯಾಸದಿಂದ ಮನಸ್ಸು ತಿಳಿಯಾದವನೇ ಸಹೃದಯನೆಂದು ಅಭಿನವಗುಪ್ತನು ತಿಳಿಸಿದ್ದಾನೆ. ಆ ಅಭ್ಯಾಸಕ್ಕೆ ಬೇಕಾದ ತಾಳ್ಮೆಯನ್ನು ಪ್ರೀತಿಯಲ್ಲದೆ ಮತ್ತಾವುದೂ ಕೊಡಲಾರದು. ಆದುದರಿಂದ ನಮ್ಮ ವಿದ್ಯಾರ್ಥಿಗಳು ತಾವು ಮೆಚ್ಚಿದ ಹಾಡನ್ನು ಹೆಸರಿಸಲು ನಾಚಬೇಕಾಗಿಲ್ಲ. ಮೆಚ್ಚಿದ್ದು ಹಾಡನ್ನೋ ಹಾಡಿದವರ ಬಾಳನ್ನೋ ಎಂದು ತಮ್ಮನ್ನು ತಾವೇ ಕೇಳಿಕೊಂಡರೆ ಸಾಕು. ವಿಮರ್ಶೆ ಅಲ್ಲಿಂದ ಮೊದಲಾಗುತ್ತದೆ.