ಕಂಕುಳಿನ ಲೆಕ್ಕ

ಟಾಪ್ ಹೊಲಿಯುವ ಮಾತು ಬಂದರೆ ಎಲ್ಲರೂ ಕೊರಳಿನಿಂದ ಶುರುಮಾಡುತ್ತಾರೆ: ಬೋಟ್ ನೆಕ್ಕೋ, ಪಾಟ್ ನೆಕ್ಕೋ, ಬೆನ್ನಿಗೆ ದಾರ ಬೇಕೋ ಬೇಡವೋ. ನಾನು ಕಂಕುಳಿನಿಂದ ಶುರುಮಾಡುತ್ತೇನೆ. ಮನೆಯಲ್ಲಿ ಹೊಲಿದ ಬಟ್ಟೆ ಮೈಗೆ ಒಪ್ಪಿತೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲಿ. ಟಾಪ್ ತೊಟ್ಟು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವ ಹಾಗೆ ಕೈ ಎತ್ತಿ ನೋಡಿ. ಕೆಳಗಿನ ಅಂಚು ಸೊಂಟ ಬಿಟ್ಟು ಮೇಲೆದ್ದು, ಪಕ್ಕದ ಹೊಲಿಗೆ ಬಿಗಿದು, ತೋಳು ಎಳೆದರೆ ಆರ್ಮ್‌ಹೋಲ್ ತೀರಾ ಕೆಳಗೆ ಬಿದ್ದಿದೆ ಎಂದೇ ಮೊದಲು ಅನುಮಾನಿಸಬೇಕು.

ಬಿಗಿಯಾಯಿತು ಅನ್ನಿಸಿದ ಕೂಡಲೇ ಬಹಳ ಮಂದಿ ಕತ್ತರಿ ಹಿಡಿದು ಆರ್ಮ್‌ಹೋಲನ್ನು ಇನ್ನೂ ಅರ್ಧ ಇಂಚು ತೋಡುತ್ತಾರೆ. ಆಗುವುದು ತಿರುಗುಮುರುಗು. ತೋಳು ಮತ್ತು ಪಕ್ಕದ ಹೊಲಿಗೆ ಕೂಡುವ ಜಾಗ ನಿಜವಾದ ಕಂಕುಳಿಗೆ ಹತ್ತಿರವಿದ್ದಷ್ಟೂ ಕೈ ತನ್ನಷ್ಟಕ್ಕೆ ಆಡುತ್ತದೆ. ಆ ಜಾಗ ಪಕ್ಕೆಗೆ ಇಳಿದರೆ, ಕೈ ಏಳುವಾಗ ಪಕ್ಕೆಯ ಬಟ್ಟೆಯನ್ನೂ ಹಿಡಿದೆತ್ತುತ್ತದೆ. ಬಟ್ಟೆಯ ಹಿಂದೆ ಇಡೀ ಟಾಪ್ ಹೊರಡುತ್ತದೆ. ಎದೆಯ ಸುತ್ತ ಎಷ್ಟು ಲೂಸ್ ಬಿಟ್ಟರೂ ಇದಕ್ಕೆ ಪರಿಹಾರವಿಲ್ಲ.

ಆರ್ಮ್‌ಹೋಲ್ ಹೀಗೆ ಇಳಿಯುವುದಕ್ಕೆ ಕಾರಣ ನಾವು ಕಲಿತ ಲೆಕ್ಕದಲ್ಲೇ ಇದೆ. ಎದೆ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಒಂದು ಇಂಚು ಕಳೆದು ಆರ್ಮ್‌ಹೋಲಿನ ಆಳ ಹಿಡಿಯಿರಿ ಎಂದು ಹೇಳಿಕೊಡುವುದುಂಟು. ಆ ಲೆಕ್ಕದಲ್ಲಿ 34 ಇಂಚಿಗೆ ಏಳೂವರೆ, 40 ಇಂಚಿಗೆ ಒಂಬತ್ತು. ಆದರೆ ಒಂದೇ ಎತ್ತರದ ಇಬ್ಬರು ಹೆಂಗಸರಲ್ಲಿ ಒಬ್ಬರ ಎದೆ ತುಂಬಿಕೊಂಡಿದ್ದ ಮಾತ್ರಕ್ಕೆ ಅವರ ಕಂಕುಳು ಒಂದೂವರೆ ಇಂಚು ಕೆಳಗೆ ಹೋಗಿರುವುದಿಲ್ಲ. ಆದ್ದರಿಂದ ಭಾಗಾಕಾರ ಬಿಟ್ಟು ಅಳೆಯಿರಿ. ಕಂಕುಳಿನಲ್ಲಿ ಒಂದು ಸ್ಕೇಲನ್ನು ಅಡ್ಡಲಾಗಿ ಹಿಡಿದುಕೊಂಡು, ಭುಜದ ಮೇಲಿನಿಂದ ಸ್ಕೇಲಿನವರೆಗೆ ನೇರವಾಗಿ ಟೇಪ್ ಇಳಿಸಿ. ಬಂದ ಅಂಕಿಗೆ ಅರ್ಧದಿಂದ ಮುಕ್ಕಾಲು ಇಂಚು ಸೇರಿಸಿದರೆ ತೋಳಿರುವ ಟಾಪಿಗೆ ಸಾಕು.

ಅಚ್ಚಾದ ಪ್ಯಾಟರ್ನ್ ತಂದು ಹೊಲಿಯುವವರಿಗೂ ಈ ತೊಂದರೆ ತಪ್ಪಿದ್ದಲ್ಲ. ಎಬನೇಜರ್ ಬಟರಿಕ್ ಎಂಬ ಅಮೆರಿಕದ ದರ್ಜಿ ಸೈಜಿಗೊಂದರಂತೆ ಕಾಗದದ ಮಾದರಿ ತಯಾರಿಸಿದ್ದು 1863ರಲ್ಲಿ. ಸಾವಿರಾರು ಮನೆಗಳಿಗೆ ಹೊಲಿಗೆ ತಲುಪಿಸಿದ ದೊಡ್ಡ ಕೆಲಸ ಅದು. ಜೊತೆಗೆ ಒಂದೇ ಅಂಕಿಯಿಂದ ಭುಜ, ಬೆನ್ನು, ತೋಳು ಎಲ್ಲವನ್ನೂ ಊಹಿಸುವ ಅಭ್ಯಾಸವೂ ಬೆಳೆಯಿತು. ತುಂಬಿದ ಎದೆಯ ಅಳತೆ ನೋಡಿ ಸೈಜ್ ಆರಿಸಿದರೆ ಎದೆ ಸರಿಹೋಗುತ್ತದೆ, ಭುಜ ಜಾರುತ್ತದೆ, ಆರ್ಮ್‌ಹೋಲ್ ಜೋಲುತ್ತದೆ. ಬದಲಿಗೆ ಟೇಪನ್ನು ಕಂಕುಳ ಕೆಳಗಿನಿಂದ ತಂದು ಎದೆಯ ಮೇಲ್ಭಾಗದಲ್ಲಿ ಸುತ್ತಿ ಅಳೆಯಿರಿ. ಅದಕ್ಕೂ ತುಂಬಿದ ಎದೆಯ ಅಳತೆಗೂ ಎರಡೂವರೆ ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೇಲಿನ ಅಳತೆಯನ್ನೇ ಎದೆ ಅಳತೆ ಎಂದುಕೊಂಡು ಸೈಜ್ ತೆಗೆದುಕೊಳ್ಳಿ. ಕಡಿಮೆ ಬಿದ್ದದ್ದನ್ನು ಮುಂಭಾಗಕ್ಕೆ ಮಾತ್ರ ಸೇರಿಸಿ.

ಸೇರಿಸುವ ಕೆಲಸ ಕಾಗದದ ಮೇಲೇ ಆಗಬೇಕು. ಮುಂಭಾಗದ ಕಾಗದದಲ್ಲಿ ಎದೆಯ ತುದಿ ಗುರುತಿಸಿ. ಅಲ್ಲಿಂದ ಕೆಳಗಿನ ಅಂಚಿಗೆ ನೇರ ಗೆರೆ, ಅಲ್ಲಿಂದಲೇ ಆರ್ಮ್‌ಹೋಲಿನ ಕೆಳಭಾಗಕ್ಕೆ ಓರೆ ಗೆರೆ. ಇವೆರಡನ್ನೂ ಕತ್ತರಿಸಿ, ಆದರೆ ಆರ್ಮ್‌ಹೋಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಉಳಿಸಿ. ಪಕ್ಕದ ಟಕ್ಸಿನ ನಡುವೆಯೂ ಹೊರಗಿನಿಂದ ಕತ್ತರಿಸುತ್ತಾ ಬಂದು ಎದೆಯ ತುದಿಯಲ್ಲಿ ನಿಲ್ಲಿಸಿ. ಈಗ ಕಾಗದ ಬಾಗಿಲ ಹಾಗೆ ತೆರೆಯುತ್ತದೆ. ಎರಡು ಇಂಚು ಬೇಕಿದ್ದರೆ ಒಂದು ಇಂಚು ತೆರೆದರೆ ಸಾಕು, ಕೈಯಲ್ಲಿರುವುದು ಅರ್ಧ ಮುಂಭಾಗವಷ್ಟೆ. ಟಕ್ಸ್ ತಾನಾಗಿ ಅಗಲವಾಗುತ್ತದೆ, ಆರ್ಮ್‌ಹೋಲಿನ ಉದ್ದ ಕದಲುವುದಿಲ್ಲ. ನಡುಭಾಗದ ಕೆಳಗೆ ಗಿಡ್ಡವಾದ ಕಡೆ ಕಾಗದ ಅಂಟಿಸಿ ಅಂಚು ಸಮ ಮಾಡಿ. ಸೊಂಟದಲ್ಲಿ ಹೆಚ್ಚಾದ ಅಗಲವನ್ನು ಕೆಳಗಿನ ಟಕ್ಸಿಗೆ ಕೊಡಬಹುದು. ನನಗೆ ಹೊಲಿಗೆಯಲ್ಲಿ ಇದಕ್ಕಿಂತ ಚಂದದ ಕೆಲಸ ಇನ್ನೊಂದಿಲ್ಲ: ಚಪ್ಪಟೆ ಕಾಗದ ಎದೆಯ ಉಬ್ಬನ್ನು ಒಳಗೊಳ್ಳುವುದು ಕಣ್ಣೆದುರೇ ಕಾಣುತ್ತದೆ. ಕಾಗದ ಯಾವುದಾದರೂ ಆದೀತು, ಹಳೆಯ ದಿನಪತ್ರಿಕೆ ಮಾತ್ರ ಬೇಡ, ಅದರ ಮಸಿ ತಿಳಿ ಬಣ್ಣದ ಬಟ್ಟೆಗೆ ಹತ್ತುತ್ತದೆ. ಮಕ್ಕಳ ಪುಸ್ತಕಕ್ಕೆ ಹಾಕುವ ಬ್ರೌನ್ ಶೀಟ್ ಒಳ್ಳೆಯದು.

ಆರ್ಮ್‌ಹೋಲ್ ಏರಿಸುವಾಗ ತೋಳನ್ನು ಮರೆಯುವಂತಿಲ್ಲ. ಪಕ್ಕದ ಹೊಲಿಗೆ ಮುಕ್ಕಾಲು ಇಂಚು ಮೇಲೆ ಹೋದರೆ ತೋಳಿನ ಒಳಹೊಲಿಗೆಯೂ ಅಷ್ಟೇ ಮೇಲೇರಬೇಕು. ಕೈ ಆಡುವುದಕ್ಕೆ ಬೇಕಾದ ಉದ್ದ ಅಲ್ಲಿಂದ ಬರುತ್ತದೆ. ಆಮೇಲೆ ಟೇಪನ್ನು ನಿಲ್ಲಿಸಿ ಹಿಡಿದು ಎರಡೂ ಬಾಗುಗಳನ್ನು ಅಳೆದು ಹೊಂದಿಸಿ. ವಿದೇಶಿ ಪ್ಯಾಟರ್ನ್‌ಗಳಲ್ಲಿ ತೋಳಿನ ಬಾಗು ಆರ್ಮ್‌ಹೋಲಿಗಿಂತ ಒಂದು, ಒಂದೂವರೆ ಇಂಚು ಉದ್ದವಿರುವುದುಂಟು. ಉಣ್ಣೆ ಬಟ್ಟೆ ಹಬೆ ಕುಡಿದು ಅಷ್ಟನ್ನೂ ನುಂಗಿಕೊಳ್ಳುತ್ತದೆ. ನಮ್ಮ ಒತ್ತು ನೇಯ್ಗೆಯ ಹತ್ತಿ ನುಂಗುವುದಿಲ್ಲ, ಭುಜದ ಮೇಲೆ ನೆರಿಗೆ ಏಳುತ್ತದೆ. ಹತ್ತಿಗೆ ಅರ್ಧ ಇಂಚು ಸಾಕು. ಕೈಮಗ್ಗದ ಬಟ್ಟೆಯಾದರೆ ಕತ್ತರಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಯಲಿ.

ಮೊದಲ ಪ್ರಯತ್ನ ಕೋರಾ ಬಟ್ಟೆಯಲ್ಲಿ, ಕಚ್ಚಾ ಹೊಲಿಗೆ ಹಾಕಿ. ತೊಟ್ಟು ನೋಡುವ ಮುಂಚೆ ಒಂದು ಕೆಲಸ ಆಗಲೇಬೇಕು. ಕಂಕುಳ ಬಾಗಿನಲ್ಲಿ ಒಳಗೆ ಬಿಟ್ಟ ಮಾರ್ಜಿನ್ ಅನ್ನು ಕಾಲು ಇಂಚಿನ ಆಸುಪಾಸಿಗೆ ಇಳಿಸಿ. ಮುಂದೆ ಬಿಚ್ಚಿ ದೊಡ್ಡದು ಮಾಡಲು ಅನುಕೂಲ ಎಂದು ಪಕ್ಕದಲ್ಲಿ ಒಂದೊಂದು ಇಂಚು ಮಾರ್ಜಿನ್ ಬಿಡುವುದು ನಮ್ಮ ಪದ್ಧತಿ, ಒಳ್ಳೆಯ ಪದ್ಧತಿಯೇ. ಅಷ್ಟೇ ಬಟ್ಟೆ ಕಂಕುಳ ಬಾಗಿನಲ್ಲೂ ನಿಂತರೆ ಅದು ಚುಚ್ಚುತ್ತದೆ, ಚುಚ್ಚಿದ್ದನ್ನು ಬಿಗಿ ಎಂದು ತಿಳಿದು ಮತ್ತೆ ತೋಡುತ್ತೇವೆ. ತೋಡಿದ್ದನ್ನು ತುಂಬಲಾಗದು. ಅನುಮಾನವಿದ್ದರೆ ಎತ್ತರವಾಗಿಯೇ ಕತ್ತರಿಸಿ ಸ್ವಲ್ಪ ಸ್ವಲ್ಪವೇ ಇಳಿಸಿ.

ಈಗಾಗಲೇ ಕೆಳಗಿಳಿದು ಹೋಗಿರುವ ಟಾಪಿಗೂ ಒಂದು ದಾರಿ ಉಂಟು. ಅದು ಹಳೆಯ ಮಾದರಿಯ ಜುಬ್ಬದಲ್ಲಿದೆ. ಅದರ ಮೈ, ತೋಳು ಎಲ್ಲ ನೇರ ಪಟ್ಟಿಗಳು, ಬಾಗಿದ ಆರ್ಮ್‌ಹೋಲೇ ಇಲ್ಲ. ಆದರೂ ಅದನ್ನು ತೊಟ್ಟು ಏನು ಕೆಲಸ ಬೇಕಾದರೂ ಮಾಡಬಹುದು, ಏಕೆಂದರೆ ಕಂಕುಳಲ್ಲಿ ಒಂದು ಚೌಕದ ತುಂಡು ಕೂತಿರುತ್ತದೆ. ನಿಮ್ಮ ಟಾಪಿನಲ್ಲಿ ಹೊಲಿಗೆಗಳು ಕೂಡುವ ಕಡೆಯಿಂದ ತೋಳಿನತ್ತ ಮೂರು ಇಂಚು, ಪಕ್ಕೆಯತ್ತ ಮೂರು ಇಂಚು ಬಿಚ್ಚಿ. ಅದೇ ಬಟ್ಟೆಯಲ್ಲಿ ನಾಲ್ಕು ಇಂಚಿನ ಚೌಕ ಕತ್ತರಿಸಿ, ಸುತ್ತ ಅರ್ಧ ಇಂಚು ಹೊಲಿಗೆಗೆ. ಚೌಕದ ಒಂದು ಮೂಲೆ ತೋಳಿಗೆ, ಎದುರು ಮೂಲೆ ಪಕ್ಕೆಗೆ, ಉಳಿದೆರಡು ಮೂಲೆಗಳು ಆರ್ಮ್‌ಹೋಲಿನ ಹೊಲಿಗೆಗೆ ಬರಲಿ. ಬದಿಗಳು ಎಳೆಯ ನೇರಕ್ಕಿದ್ದರೆ ಮೂಲೆಯಿಂದ ಮೂಲೆಗೆ ಬಟ್ಟೆ ಕ್ರಾಸ್ ಆಗಿ ಹಿಗ್ಗುತ್ತದೆ. ಮೂಲೆಗಳಲ್ಲಿ ಮಾತ್ರ ಮಿಷನ್ ಬಿಟ್ಟು ಕೈಹೊಲಿಗೆ ಹಾಕಿ.