ತಪ್ಪೇನೆಂದು ಹೇಳದ ಸೆರೆ

ಯುದ್ಧದ ಕಥೆಗಳಲ್ಲಿ ಹೆಂಗಸರಿಗೆ ಎರಡೇ ಜಾಗ. ಒಂದು, ಹೊರಟ ಸೈನಿಕನಿಗೆ ಆರತಿ ಎತ್ತುವ ಹೊಸ್ತಿಲು. ಇನ್ನೊಂದು, ತಂತಿ ಬಂದ ಮೇಲೆ ಕುಸಿದು ಕೂರುವ ನಡುಮನೆ. 1962ರ ಚೀನಾ ಯುದ್ಧವನ್ನು ಕುರಿತ ಮೂರು ಪುಸ್ತಕಗಳು ಮೂರನೆಯ ಜಾಗವೊಂದನ್ನು ತೋರಿಸುತ್ತವೆ: ರಾಜಸ್ಥಾನದ ದೇವಲಿಯ ಬಂಧನ ಶಿಬಿರ. ಅಸ್ಸಾಮಿನ ರೀಟಾ ಚೌಧುರಿ ಬರೆದ ಕಾದಂಬರಿ ‘ಮಾಕಾಮ್’ (2010, ಇಂಗ್ಲಿಷಿನಲ್ಲಿ ‘ಚೈನಾಟೌನ್ ಡೇಸ್’) ಒಂದು. ಯಿನ್ ಮಾರ್ಶ್ ಅವರ ನೆನಪುಗಳ ಪುಸ್ತಕ ‘ಡೂಯಿಂಗ್ ಟೈಮ್ ವಿತ್ ನೆಹರು’ ಎರಡನೆಯದು. ಜಾಯ್ ಮಾ ಮತ್ತು ಪತ್ರಕರ್ತ ದಿಲೀಪ್ ಡಿಸೋಜಾ ಸೇರಿ ಬರೆದ ‘ದಿ ದೇವಲಿವಾಲಾಸ್’ (2020) ಮೂರನೆಯದು. ಮೂರನ್ನೂ ಒಂದರ ಹಿಂದೆ ಒಂದು ಓದಿದಾಗ ನನ್ನಲ್ಲಿ ಉಳಿದದ್ದು ಮರುಕಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ.

ಮೊದಲು ನಡೆದದ್ದೇನು ಎಂದು ಹೇಳಬೇಕು, ಏಕೆಂದರೆ ನಮ್ಮ ಶಾಲೆಯ ಪಾಠಗಳಲ್ಲಿ ಇದು ಇರಲಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಚೀನೀಯರು ಎಂದರೆ ಬೆಂಗಳೂರಿನ ಬ್ಯೂಟಿ ಪಾರ್ಲರು, ಹೆಚ್ಚೆಂದರೆ ಹಲ್ಲಿನ ಡಾಕ್ಟರು. ಅಸ್ಸಾಮಿನಲ್ಲಿ ಹಾಗಲ್ಲ. 1830ರ ದಶಕದಲ್ಲೇ ಬ್ರಿಟಿಷರು ಚಹಾ ತೋಟದ ಕೆಲಸಕ್ಕೆ ಅವರನ್ನು ಕರೆತಂದಿದ್ದರು. ತಲೆಮಾರುಗಳು ಉರುಳಿದಂತೆ ಅವರು ಅಲ್ಲಿಯ ಹೆಣ್ಣುಗಳನ್ನು ಮದುವೆಯಾದರು, ಅಲ್ಲಿಯ ಭಾಷೆಯಲ್ಲೇ ಜಗಳವಾಡಿದರು, ಅಲ್ಲಿಯವರೇ ಆದರು. 1962ರ ಅಕ್ಟೋಬರ್ 20ರಂದು ಯುದ್ಧ ಶುರುವಾಯಿತು. 26ರಂದು ತುರ್ತುಪರಿಸ್ಥಿತಿ ಬಂತು. ಅದರ ಬೆನ್ನಿಗೇ ಬಂದ ಸುಗ್ರೀವಾಜ್ಞೆಯೊಂದು ವಿದೇಶಿಯರ ಕಾನೂನನ್ನು ಹಿಗ್ಗಿಸಿತು: ಭಾರತೀಯ ಮೂಲದವನಲ್ಲದವನ ತಂದೆ, ತಾಯಿ ಅಥವಾ ಅಜ್ಜ, ಅಜ್ಜಿಯರಲ್ಲಿ ಯಾರಾದರೂ ಶತ್ರುದೇಶದ ಪ್ರಜೆಯಾಗಿದ್ದರೆ ಸಾಕು, ಅವನೂ ಅದರ ತೆಕ್ಕೆಗೆ ಬಿದ್ದ. ನವೆಂಬರ್ 19ರಂದು ಮಾಕುಮ್ ಪಟ್ಟಣದಲ್ಲಿ ಪೊಲೀಸರು ಮನೆ ಮನೆಗೆ ಬಂದರು. ಎರಡು ದಿನ ಕಳೆದು, 21ರಂದು, ಚೀನಾ ಕದನವಿರಾಮ ಘೋಷಿಸಿತು. ಅಂದರೆ ಈ ಜನ ಸುಮಾರು ಒಂದು ವಾರ ರೈಲಿನಲ್ಲಿ ಕೂತು ದೇವಲಿ ತಲುಪುವ ಹೊತ್ತಿಗೆ ಗುಂಡಿನ ಸದ್ದೇ ನಿಂತಿತ್ತು. ಅಸ್ಸಾಮ್, ಡಾರ್ಜಿಲಿಂಗ್ ಮುಂತಾದ ಕಡೆಗಳಿಂದ ಅಲ್ಲಿಗೆ ಬಂದವರು ಸುಮಾರು 3,000 ಜನ. ಕೆಲವರು 1967ರವರೆಗೂ ಅಲ್ಲೇ ಇದ್ದರು.

ಅದೇ ವಾರಗಳಲ್ಲಿ ನಮ್ಮ ತಾಯಂದಿರ ತಲೆಮಾರಿನವರು ರಕ್ಷಣಾ ನಿಧಿಗೆ ಕೈಬಳೆ ಬಿಚ್ಚಿ ಕೊಟ್ಟರು. ಅದು ಸುಳ್ಳು ಭಾವನೆಯಲ್ಲ. ಆದರೆ ಆ ನೆನಪು ಉಳಿದಷ್ಟು ಚೆನ್ನಾಗಿ ಈ ನೆನಪು ಏಕೆ ಉಳಿಯಲಿಲ್ಲ?

ಮೂರು ಪುಸ್ತಕಗಳೂ ಇದಕ್ಕೆ ಒಂದೇ ಉತ್ತರ ಕೊಡುತ್ತವೆ ಎಂದು ನನಗೆ ಅನ್ನಿಸುತ್ತದೆ. ಈ ಜನರ ಮೇಲೆ ಆರೋಪವನ್ನೇ ಹೊರಿಸಲಿಲ್ಲ. ಆರೋಪ ಇದ್ದಿದ್ದರೆ ಅದನ್ನು ಅಲ್ಲಗಳೆಯಬಹುದಿತ್ತು, ಸಾಕ್ಷಿ ತರಬಹುದಿತ್ತು, ಕೊನೆಗೆ ನಿರ್ದೋಷಿ ಎಂಬ ಒಂದು ಕಾಗದವಾದರೂ ಸಿಗುತ್ತಿತ್ತು. ಆರೋಪವೇ ಇಲ್ಲದವನಿಗೆ ಖುಲಾಸೆಯೂ ಇಲ್ಲ. ಬಿಡುಗಡೆಯಾಗಿ ಬಂದವರು ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕುತ್ತಾ ಬದುಕಿದರು. ಮನೆ, ಅಂಗಡಿ ಹರಾಜಾಗಿತ್ತು. ನೆರೆಯವರು ಕೇಳಿದರೆ ಏನು ಹೇಳುವುದು? ತಪ್ಪು ಮಾಡದೆ ಇಷ್ಟು ವರ್ಷ ಒಳಗಿಡುತ್ತಾರೆಯೇ ಎಂಬ ಅನುಮಾನ ಮಾತಿಲ್ಲದೆಯೇ ಇರುತ್ತದೆ. ಹಾಗಾಗಿ ಬಾಯಿ ಮುಚ್ಚಿಕೊಂಡರು, ಮಕ್ಕಳಿಗೂ ಹೇಳಲಿಲ್ಲ.

ಯಿನ್ ಮಾರ್ಶ್ ಆಗ 13 ವರ್ಷದ ಹುಡುಗಿ. ಡಾರ್ಜಿಲಿಂಗಿನಲ್ಲಿ ಮೊದಲು ತಂದೆಯನ್ನು ಹಿಡಿದರು. ಆಮೇಲೆ ಇವಳನ್ನು, 8 ವರ್ಷದ ತಮ್ಮನನ್ನು, ಅಜ್ಜಿಯನ್ನು. ದೇಶದ ಭದ್ರತೆಗೆ ಅಪಾಯ ಎಂಬ ದೊಡ್ಡ ಮಾತನ್ನು ಎಂಟು ವರ್ಷದ ಹುಡುಗನ ಪಕ್ಕ ಇಟ್ಟು ನೋಡಿ. ಜಾಯ್ ಮಾ ವಿಷಯದಲ್ಲಿ ಅಷ್ಟೂ ಇಲ್ಲ; ಆಕೆ ಹುಟ್ಟಿದ್ದೇ ದೇವಲಿಯಲ್ಲಿ. ಗರ್ಭದಲ್ಲಿದ್ದಾಗಲೇ ಕೈದಿ.

‘ಮಾಕಾಮ್’ ಬಗ್ಗೆ ನನ್ನದೊಂದು ತಕರಾರಿದೆ. ಬದುಕುಳಿದವರನ್ನು ಹುಡುಕಿಕೊಂಡು ಹೋಗಿ, ಮಾತಾಡಿಸಿ, ಮುಚ್ಚಿಹೋಗಿದ್ದ ಕಥೆಯನ್ನು ಎತ್ತಿ ತಂದ ಶ್ರೇಯಸ್ಸು ರೀಟಾ ಚೌಧುರಿಯವರದು. ತೋಟಗಳ ಬದುಕು, ಬೆರೆತುಹೋದ ಮನೆತನಗಳು ಇವನ್ನು ಅವರು ದೊಡ್ಡ ಹರವಿನಲ್ಲಿ ಕಟ್ಟಿದ್ದಾರೆ. ಆದರೆ ನಾಯಕಿ ಮೇ ಲಿನ್ ಗಂಡ ಪುಲಕ್ ಬರುವಾನಿಂದ ಅಗಲಿ ಚೀನಾಕ್ಕೆ ಗಡೀಪಾರಾಗುವುದು ಹತ್ತಿರದ ಸಂಬಂಧಿಯೊಬ್ಬರ ಸಂಚಿನಿಂದ. ಕಥೆಗೆ ಖಳ ಸಿಕ್ಕಿದ, ಓದುವವರ ಸಿಟ್ಟಿಗೊಂದು ಗುರಿ ಸಿಕ್ಕಿತು. ನಿಜದಲ್ಲಿ ಆ ಮೂರು ಸಾವಿರ ಜನರನ್ನು ಒಯ್ಯಲು ಯಾವ ಸಂಚೂ ಬೇಕಿರಲಿಲ್ಲ. ಒಂದು ಆಜ್ಞೆ, ಒಂದು ಪಟ್ಟಿ, ಒಂದು ಜೀಪು ಸಾಕಾಗಿತ್ತು. ಯಾರಿಗೂ ಯಾರ ಮೇಲೂ ದ್ವೇಷವಿಲ್ಲದೆಯೂ ಈ ಕೆಲಸ ನಡೆಯುತ್ತದೆ ಎಂಬುದೇ ಭಯ ಹುಟ್ಟಿಸುವ ಸಂಗತಿ. ಕೆಟ್ಟ ನೆಂಟನೊಬ್ಬನನ್ನು ಮುಂದೆ ತಂದಾಗ ಕಾನೂನು ಮೆಲ್ಲನೆ ಹಿಂದೆ ಸರಿದುಬಿಡುತ್ತದೆ.

‘ದಿ ದೇವಲಿವಾಲಾಸ್’ ಈ ತಪ್ಪು ಮಾಡುವುದಿಲ್ಲ. ಒಳಗಿದ್ದವರ ನೆನಪುಗಳ ಜೊತೆಗೆ ಅವರನ್ನು ಒಳಗಿಟ್ಟ ಕಾನೂನನ್ನೂ ಅದು ಎದುರಿಗಿಡುತ್ತದೆ. ಬಂಧಿಸಿದವರಿಗೆ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು ಎನ್ನುವ ನಮ್ಮ ಸಂವಿಧಾನದ 22ನೇ ವಿಧಿಯೇ, ಶತ್ರುದೇಶದವರಿಗೂ ಮುಂಜಾಗ್ರತೆಗೆಂದು ಹಿಡಿದವರಿಗೂ ಇದು ಅನ್ವಯಿಸದು ಎಂದು ಮುಂದಿನ ಸಾಲಿನಲ್ಲಿ ಹೇಳುತ್ತದೆ. ಇದನ್ನು ಓದಿದಾಗ, ಬಾಗಿಲು ಮುರಿದದ್ದಲ್ಲ, ಬಾಗಿಲಿಗೆ ಮೊದಲೇ ಕಿಂಡಿ ಇತ್ತು ಎಂದು ತಿಳಿಯುತ್ತದೆ. ಇದೇ ದೇವಲಿಯಲ್ಲಿ 1941ರಲ್ಲಿ ಬ್ರಿಟಿಷರು ಜಯಪ್ರಕಾಶ ನಾರಾಯಣರನ್ನು ವಿಚಾರಣೆಯಿಲ್ಲದೆ ಇಟ್ಟಿದ್ದರು. ಶಿಬಿರದ ಜೊತೆಗೆ ಆ ಅಭ್ಯಾಸವನ್ನೂ ನಾವು ಬಳುವಳಿಯಾಗಿ ಇಟ್ಟುಕೊಂಡೆವು.

ಯುದ್ಧಕಾಲದಲ್ಲಿ ಸರ್ಕಾರ ಕೈಕಟ್ಟಿ ಕೂರಬೇಕಿತ್ತೇ, ಗೂಢಚಾರರು ಇರಬಹುದಲ್ಲವೇ ಎಂದು ನೀವು ಕೇಳಬಹುದು. ಇರಬಹುದು. ಅದಕ್ಕೂ ಜಗತ್ತು ಒಂದು ದಾರಿ ಮಾಡಿಕೊಂಡಿದೆ. 1949ರ ನಾಲ್ಕನೆಯ ಜಿನೀವಾ ಒಪ್ಪಂದದ ಪ್ರಕಾರ, ಶತ್ರುದೇಶದ ನಾಗರಿಕರನ್ನು ಕೂಡ ತೀರಾ ಅನಿವಾರ್ಯವಾದರೆ ಮಾತ್ರ ಸೆರೆಯಿಡಬಹುದು; ಇಟ್ಟರೆ ಕೋರ್ಟು ಅಥವಾ ಮಂಡಳಿಯೊಂದು ಅವರ ಪ್ರಕರಣವನ್ನು ಬೇಗನೆ ನೋಡಬೇಕು, ಮುಂದೆ ವರ್ಷಕ್ಕೆ ಎರಡು ಸಲವಾದರೂ ಮತ್ತೆ ನೋಡಬೇಕು. 1950ರಲ್ಲೇ ಭಾರತ ಅದನ್ನು ಒಪ್ಪಿತ್ತು. ಶತ್ರುವಿಗೆ ಸಲ್ಲುವ ಇಷ್ಟು ಮರ್ಯಾದೆ ಇಲ್ಲೇ ಹುಟ್ಟಿ ಬೆಳೆದವರಿಗೆ ಏಕೆ ಸಲ್ಲಬಾರದಿತ್ತು?

ಬೇರೆ ದೇಶವೂ ಇದೇ ತಪ್ಪು ಮಾಡಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸುಮಾರು 1,20,000 ಜಪಾನೀ ಮೂಲದವರನ್ನು ಶಿಬಿರಗಳಿಗೆ ತುಂಬಿತು. ಅವರಲ್ಲೊಬ್ಬಳು ಮಿಟ್ಸುಯೆ ಎಂಡೋ, ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದ ಹೆಣ್ಣು. ಕೋರ್ಟಿಗೆ ಹೋದಳು. ಕೇಸು ಕೈಬಿಡುವುದಾದರೆ ಬಿಡುತ್ತೇವೆ ಎಂದರೂ ಒಪ್ಪದೆ ಶಿಬಿರದಲ್ಲೇ ಉಳಿದಳು. 1944ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅವಳ ಪರ ತೀರ್ಪು ಕೊಟ್ಟಿತು. 1988ರಲ್ಲಿ ಆ ದೇಶ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. ದೇವಲಿಯಲ್ಲಿ ಎಂಡೋಳಂಥವಳು ಇದ್ದಿದ್ದರೂ ಅವಳಿಗೆ ಕೋರ್ಟಿನ ದಾರಿ ಇರಲಿಲ್ಲ. ಭಾರತ ರಕ್ಷಣಾ ಸುಗ್ರೀವಾಜ್ಞೆಯಡಿ ಬಂಧಿತರಾದವರು 21 ಮತ್ತು 22ನೇ ವಿಧಿಯ ಹಕ್ಕು ಕೇಳಿಕೊಂಡು ಕೋರ್ಟಿಗೆ ಹೋಗುವುದನ್ನೇ 1962ರ ನವೆಂಬರಿನ ರಾಷ್ಟ್ರಪತಿಗಳ ಆದೇಶ ತಡೆದಿತ್ತು.

ಈ ಮೂರರಲ್ಲಿ ಯಾವುದನ್ನು ಮೊದಲು ಓದಲಿ ಎಂದು ಕೇಳಿದರೆ, ಜಾಯ್ ಮಾ ಅವರದನ್ನು ಓದಿ ಎನ್ನುತ್ತೇನೆ. ನಂತರ ‘ಮಾಕಾಮ್’ ಕೈಗೆತ್ತಿಕೊಂಡರೆ ಅದರ ಕಣ್ಣೀರಿಗೆ ಕಾರಣ ಸರಿಯಾಗಿ ತಿಳಿಯುತ್ತದೆ. ಇವು ಮರುಕ ಬೇಡುವ ಪುಸ್ತಕಗಳಲ್ಲ. ಅಂದು ನಡೆಯಬೇಕಿದ್ದ ವಿಚಾರಣೆಯನ್ನು, ಅರವತ್ತು ವರ್ಷಗಳ ಆಚೆ, ಓದುವವರ ಮುಂದೆ ನಡೆಸುತ್ತಿವೆ. ನಮ್ಮ ತಪ್ಪೇನು ಎಂದು ಅವರು ಕೇಳುತ್ತಿದ್ದಾರೆ. ಉತ್ತರ ಹೇಳಬೇಕಾದವರು ಇನ್ನೂ ಹೇಳಿಲ್ಲ.